‘ಮೆರ್ಸಿ’ ಅಂದರೆ ‘ಬೇಡ’!

ಫ್ರೆಂಚ್ ಭಾಷೆಯಲ್ಲಿ ‘ಮೆರ್ಸಿ’ ಎಂದರೆ ಧನ್ಯವಾದ. ಫ್ರೆಂಚ್ ಕಲಿಸುವ ಯಾವ ಪುಸ್ತಕ ತೆರೆದರೂ ಮೊದಲ ಪಾಠದಲ್ಲೇ ಈ ಪದ ಸಿಗುತ್ತದೆ. ಆದರೆ ಫ್ರಾನ್ಸಿನ ಮನೆಯೊಂದರಲ್ಲಿ ಊಟಕ್ಕೆ ಕುಳಿತಾಗ, ಮನೆಯೊಡತಿ ಇನ್ನಷ್ಟು ಬಡಿಸಲೆಂದು ಪಾತ್ರೆಯನ್ನು ಮುಂದೆ ಹಿಡಿದರೆ, ಬರೀ ‘ಮೆರ್ಸಿ’ ಎಂದವರ ತಟ್ಟೆಗೆ ಏನೂ ಬೀಳುವುದಿಲ್ಲ. ಅಲ್ಲಿ ಅದರ ಅರ್ಥ ‘ಸಾಕು, ಬೇಡ’ ಎಂದು! ಪಾತ್ರೆ ಪಕ್ಕದವರ ಬಳಿಗೆ ಹೋಗಿಬಿಡುತ್ತದೆ. ಬೇಕು ಎನ್ನುವವರು ‘ಸಿಲ್ ವು ಪ್ಲೆ’, ಅಂದರೆ ‘ದಯವಿಟ್ಟು’ ಎನ್ನಬೇಕು. ಭಾಷೆ ಕಲಿಯಲೆಂದು ಅಮೆರಿಕದಿಂದ ಫ್ರಾನ್ಸಿಗೆ ಬಂದಿಳಿಯುವ ವಿದ್ಯಾರ್ಥಿಗಳು ಮೊದಲ ವಾರವೇ ಕಲಿಯುವ ಪಾಠಗಳಲ್ಲಿ ಇದೂ ಒಂದು. ಹಸಿದ ಹೊಟ್ಟೆಯಲ್ಲಿ ಕಲಿತದ್ದು ಬೇಗ ಮರೆಯುವುದಿಲ್ಲ ನೋಡಿ.

ಹೀಗೆ ಒಂದಿಡೀ ವರ್ಷ ಪರದೇಶದಲ್ಲಿದ್ದು, ಅಲ್ಲಿನವರ ಮನೆಯಲ್ಲೇ ಉಂಡು ಮಲಗಿ ಭಾಷೆ ಕಲಿಯುವ ಏರ್ಪಾಡಿಗೆ ಈಗ ನೂರು ವರ್ಷ ದಾಟಿದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿ ಬಂದ ರೇಮಂಡ್ ಕರ್ಕ್‌ಬ್ರೈಡ್ ಎಂಬ ಯುವ ಅಧ್ಯಾಪಕರ ತಲೆಯಲ್ಲಿ ಹುಟ್ಟಿದ ಯೋಜನೆ ಇದು. ಅವರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿನ ಅಧ್ಯಕ್ಷ ವಾಲ್ಟರ್ ಹಲಿಹೆನ್ ಬೆಂಬಲಕ್ಕೆ ನಿಂತರು, ಉದ್ಯಮಿ ಪಿಯರ್ ಡು ಪಾಂಟ್ ಹಣದ ನೆರವು ಕೊಟ್ಟರು. 1923ರ ಜುಲೈನಲ್ಲಿ ಎಂಟು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕರ್ಕ್‌ಬ್ರೈಡ್ ಹಡಗು ಹತ್ತಿದರು. ಮೊದಲು ನಾನ್ಸಿ ನಗರದಲ್ಲಿ ಭಾಷೆಯ ತಯಾರಿ, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಓದು. ನಾಲ್ಕು ವರ್ಷದ ಪದವಿಯ ಮೂರನೆಯ ವರ್ಷವನ್ನು ಅಮೆರಿಕದಲ್ಲಿ ‘ಜೂನಿಯರ್ ಇಯರ್’ ಎನ್ನುತ್ತಾರೆ. ಹಾಗಾಗಿ ಇದಕ್ಕೆ ‘ಜೂನಿಯರ್ ಇಯರ್ ಅಬ್ರಾಡ್’ ಎಂಬ ಹೆಸರು ಬಿತ್ತು. 1925ರಲ್ಲಿ ಸ್ಮಿತ್ ಎಂಬ ಮಹಿಳಾ ಕಾಲೇಜು ತನ್ನ ವಿದ್ಯಾರ್ಥಿನಿಯರನ್ನೂ ಪ್ಯಾರಿಸ್ಸಿಗೆ ಕಳಿಸತೊಡಗಿತು.

ಈ ಯೋಜನೆಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಹಾಸ್ಟೆಲ್ಲಿನಲ್ಲಿ ತಮ್ಮವರ ಜೊತೆ ಗುಂಪಾಗಿರದೆ ಫ್ರೆಂಚ್ ಕುಟುಂಬಗಳಲ್ಲಿ ವಾಸ. ಇನ್ನೊಂದು, ಫ್ರೆಂಚ್ ಬಿಟ್ಟು ಬೇರೆ ಭಾಷೆ ಆಡುವುದಿಲ್ಲ ಎಂಬ ಪ್ರತಿಜ್ಞೆ. ಹಿಂದಕ್ಕೆ ಓಡಿಹೋಗುವ ದಾರಿಗಳನ್ನೆಲ್ಲ ಮೊದಲೇ ಮುಚ್ಚಿಬಿಡುವುದು ಇದರ ಉದ್ದೇಶ. ನೀರಿಗೆ ತಳ್ಳಿ ಈಜು ಕಲಿಸಿದ ಹಾಗೆ.

ದೊಡ್ಡವರು ಮಕ್ಕಳಾಗುವ ಮನೆ

ಇಪ್ಪತ್ತು ವರ್ಷದ, ತನ್ನೂರಿನಲ್ಲಿ ಬುದ್ಧಿವಂತೆ ಎನಿಸಿಕೊಂಡ ಹುಡುಗಿ ಇಲ್ಲಿ ಮೂರು ವರ್ಷದ ಮಗುವಾಗಿಬಿಡುತ್ತಾಳೆ. ಊಟದ ಮೇಜಿನಲ್ಲಿ ಕೈ ಎಲ್ಲಿಡಬೇಕು ಎಂಬುದೂ ಗೊತ್ತಿಲ್ಲ. ಅಮೆರಿಕದಲ್ಲಿ ಒಂದು ಕೈಯನ್ನು ತೊಡೆಯ ಮೇಲಿಡುವುದು ಮರ್ಯಾದೆಯಾದರೆ, ಫ್ರಾನ್ಸಿನಲ್ಲಿ ಎರಡೂ ಕೈ ಮೇಜಿನ ಮೇಲೆ ಕಾಣುತ್ತಿರಬೇಕು. ಬ್ರೆಡ್ಡಿಗೆ ತಟ್ಟೆ ಹುಡುಕಬಾರದು, ಅದರ ಜಾಗ ಮೇಜಿನ ಬಟ್ಟೆಯ ಮೇಲೆಯೇ. ಜಾಮ್ ಕೆಡದಂತೆ ಏನಾದರೂ ಬೆರೆಸುತ್ತಾರೆಯೇ ಎಂದು ಕೇಳಲು ಹೋಗಿ, ಇಂಗ್ಲಿಷಿನ ‘ಪ್ರಿಸರ್ವೆಟಿವ್’ ಪದಕ್ಕೆ ಫ್ರೆಂಚ್ ಬಾಲ ಅಂಟಿಸಿ ‘ಪ್ರೆಜೆರ್ವಾತಿಫ್’ ಎಂದರಂತೂ ಇಡೀ ಮನೆಗೆ ನಗು. ಫ್ರೆಂಚಿನಲ್ಲಿ ಅದು ನಿರೋಧ್!

ಅಂಕಿಗಳ ಕಥೆ ಬೇರೆ. ಫ್ರಾನ್ಸಿನಲ್ಲಿ ಎಪ್ಪತ್ತಕ್ಕೆ ಬಿಡಿ ಪದವಿಲ್ಲ, ‘ಅರವತ್ತು-ಹತ್ತು’ ಎನ್ನಬೇಕು. ಎಂಬತ್ತು ಎಂದರೆ ‘ನಾಲ್ಕು-ಇಪ್ಪತ್ತು’. ತೊಂಬತ್ತೊಂಬತ್ತು ಬೇಕಿದ್ದರೆ ‘ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು’. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಹೇಳುವುದು ಅಲ್ಲಿನ ಪದ್ಧತಿ. ಕೇಳುತ್ತಿರುವವರು ‘ಅರವತ್ತು’ ಎಂದು ಆರು ಬರೆದು ಮುಗಿಸುವಷ್ಟರಲ್ಲಿ ‘ಹತ್ತು’ ಬಂದು ಅದನ್ನು ಏಳು ಮಾಡುತ್ತದೆ.

ಉಚ್ಚಾರಣೆಯಲ್ಲೂ ಇಂಥದೇ ಪೇಚು. ತುಟಿಯನ್ನು ‘ಉ’ ಎನ್ನುವಂತೆ ಮುಂದಕ್ಕೆ ಚಾಚಿಕೊಂಡು ಬಾಯೊಳಗೆ ‘ಇ’ ಎಂದರೆ ಬರುವ ಒಂದು ಸ್ವರ ಫ್ರೆಂಚಿನಲ್ಲಿದೆ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅದಿಲ್ಲ. ಆ ಸ್ವರಕ್ಕೂ ಬರೀ ‘ಉ’ಕಾರಕ್ಕೂ ಇರುವ ವ್ಯತ್ಯಾಸದಿಂದಲೇ ‘ಮೇಲೆ’ ಎಂಬ ಪದ ‘ಕೆಳಗೆ’ ಆಗಿಬಿಡುತ್ತದೆ. ಬೀಗದ ಕೈ ಕಪಾಟಿನ ಮೇಲಿದೆಯೆಂದು ಮನೆಯೊಡತಿ ಹೇಳಿದರೆ ವಿದ್ಯಾರ್ಥಿ ಅದನ್ನು ಹುಡುಕಲು ನೆಲದ ಮೇಲೆ ಮಂಡಿಯೂರುವ ಪ್ರಸಂಗ ಬರಬಹುದು.

ಕನ್ನಡಿಗರಿಗೆ ಸಲೀಸಾಗಿ ಅರ್ಥವಾಗಿ, ಅಮೆರಿಕನ್ನರಿಗೆ ತಲೆನೋವಾಗುವ ಸಂಗತಿಗಳೂ ಇವೆ. ಅವುಗಳಲ್ಲೊಂದು ‘ತ್ಯು’ ಮತ್ತು ‘ವು’, ಅಂದರೆ ನಮ್ಮ ನೀನು ಮತ್ತು ನೀವು. ಇಂಗ್ಲಿಷಿನ ಒಂದೇ ‘ಯೂ’ ಇಟ್ಟುಕೊಂಡು ಬೆಳೆದವರಿಗೆ ಯಾರನ್ನು ಹೇಗೆ ಕರೆಯಬೇಕೆಂಬುದು ದಿನವಿಡೀ ಕಾಡುವ ಲೆಕ್ಕಾಚಾರ. ಸಹಪಾಠಿಗಳ ನಡುವೆ ಮೊದಲ ಭೇಟಿಯಲ್ಲೇ ಏಕವಚನ ನಡೆಯುತ್ತದೆ. ಅಂಗಡಿಯವರಿಗೆ, ಅಧ್ಯಾಪಕರಿಗೆ ಬಹುವಚನವೇ ಆಗಬೇಕು. ಊಟ ಹಾಕುವ ಮನೆಯೊಡತಿ? ಆಕೆಯಾಗಿಯೇ ‘ಏಕವಚನದಲ್ಲೇ ಮಾತಾಡು’ ಎನ್ನುವವರೆಗೆ ಕಾಯಬೇಕು. ಕೆಲವು ಮನೆಗಳಲ್ಲಿ ಆ ದಿನ ಬರುವುದೇ ಇಲ್ಲ. ಬಂದ ಮನೆಗಳಲ್ಲಿ ಅದು ಪರೀಕ್ಷೆ ಪಾಸಾದಷ್ಟೇ ಸಂತೋಷದ ದಿನ.

ಇನ್ನೊಂದು, ಬರೆಯುವ ಭಾಷೆಗೂ ಆಡುವ ಭಾಷೆಗೂ ಇರುವ ಅಂತರ. ‘ನನಗೆ ಗೊತ್ತಿಲ್ಲ’ ಎಂಬುದನ್ನು ಪುಸ್ತಕ ‘ಜೆ ನೆ ಸೆ ಪಾ’ ಎಂದು ಕಲಿಸುತ್ತದೆ. ಬೀದಿಯಲ್ಲಿ ಕಿವಿಗೆ ಬೀಳುವುದು ‘ಶೆ ಪಾ’. ಇದರಲ್ಲಿ ನಮಗೇನೂ ಆಶ್ಚರ್ಯವಿಲ್ಲ. ಕನ್ನಡವನ್ನು ಪುಸ್ತಕದಿಂದ ಕಲಿತ ವಿದೇಶೀಯರೊಬ್ಬರು ಕಿರಾಣಿ ಅಂಗಡಿಯಲ್ಲಿ ‘ನಾನು ನಾಳೆ ಬರುತ್ತೇನೆ’ ಎಂದರೆ ಅಂಗಡಿಯ ಹುಡುಗ ನಕ್ಕು ‘ಆಯ್ತು, ಬನ್ನಿ’ ಎನ್ನುವುದು ಇದೇ ಕಾರಣಕ್ಕೆ. ಅವನಿಗೆ ಬೇಕಾದದ್ದು ‘ಬರ್ತೀನಿ’. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಮೂಲಕ ಮೈಸೂರಿಗೆ ಬಂದು ಕನ್ನಡ ಕಲಿತ ವಿದ್ಯಾರ್ಥಿಗಳೂ ಇದ್ದಾರೆ. ಅವರು ದಾಟಬೇಕಾದ ಹೊಳೆಯೂ ಇದೇ.

ಇವೆಲ್ಲಕ್ಕಿಂತ ಹೆಚ್ಚು ನೋಯಿಸುವುದು ಮಾತಿನ ಗತಿ. ಮೇಜಿನ ಸುತ್ತ ಕುಳಿತ ಐದಾರು ಮಂದಿ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ಹೋಗುತ್ತಾರೆ. ಯಾರೋ ತಮಾಷೆ ಮಾಡುತ್ತಾರೆ, ಎಲ್ಲರೂ ನಗುತ್ತಾರೆ. ವಿದ್ಯಾರ್ಥಿಗೆ ಅದು ಅರ್ಥವಾಗುವ ಹೊತ್ತಿಗೆ ನಗು ಮುಗಿದು ಮಾತು ಬೇರೆ ಕಡೆ ತಿರುಗಿರುತ್ತದೆ. ಉತ್ತರವೊಂದನ್ನು ಮನಸ್ಸಿನಲ್ಲೇ ಕಟ್ಟಿ, ಲಿಂಗ ವಿಭಕ್ತಿ ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲೆ ಚೀಸ್ ಬಂದಿರುತ್ತದೆ. ತನ್ನ ಭಾಷೆಯಲ್ಲಿ ಮಾತುಗಾರನಾದವನು ಇಲ್ಲಿ ಮಂಕನಂತೆ ಕಾಣುತ್ತಾನೆ. ಸಂಜೆಯಾದರೆ ಕೇಳಿ ಕೇಳಿಯೇ ತಲೆ ಸಿಡಿಯುತ್ತದೆ. ಮೊದಲ ಮೂರು ತಿಂಗಳು ಬಹುತೇಕ ಮಂದಿ ಮೌನದಲ್ಲೇ ಕಳೆಯುತ್ತಾರೆ. ಆ ಮೌನದಲ್ಲಿ ಕಿವಿ ತಯಾರಾಗುತ್ತಿರುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ.

ಚಳಿ, ಚೀಟಿ, ಕೌಂಟೆಸ್

ಮುಂದೆ ಜಗತ್ತೇ ಗುರುತಿಸಿದ ಒಬ್ಬ ವಿದ್ಯಾರ್ಥಿನಿ 1949ರಲ್ಲಿ ಹೀಗೆ ಫ್ರಾನ್ಸಿಗೆ ಬಂದಳು. ಹೆಸರು ಜಾಕ್ವೆಲಿನ್ ಬೂವಿಯೆ. ಆಗ ಆಕೆಗೆ ಇಪ್ಪತ್ತು ವರ್ಷ. ಸ್ಮಿತ್ ಕಾಲೇಜಿನ ಯೋಜನೆಯಡಿ ಮೊದಲು ಗ್ರೆನೋಬಲ್‌ನಲ್ಲಿ ಭಾಷಾಭ್ಯಾಸ ಮಾಡಿ, ಆಮೇಲೆ ಪ್ಯಾರಿಸ್ಸಿನಲ್ಲಿ ದೆ ರೆಂಟಿ ಮನೆತನದ ಕೌಂಟೆಸ್ ಒಬ್ಬರ ಮನೆ ಸೇರಿದಳು. ಕೌಂಟೆಸ್ ಎಂದಾಕ್ಷಣ ಅರಮನೆ ನೆನೆಯಬೇಕಿಲ್ಲ. ಆಕೆಯೂ ಪತಿಯೂ ನಾಜಿಗಳ ವಿರುದ್ಧದ ಭೂಗತ ಚಳವಳಿಯಲ್ಲಿದ್ದು ಸೆರೆಯಾದವರು. ಆಕೆ ರಾವೆನ್ಸ್‌ಬ್ರೂಕ್ ಯಾತನಾ ಶಿಬಿರದಿಂದ ಬದುಕಿ ಬಂದರು. ಪತಿ ಬರಲಿಲ್ಲ. ವಿಧವೆಯಾದ ಕೌಂಟೆಸ್ ವಿದ್ಯಾರ್ಥಿನಿಯರಿಗೆ ಬಾಡಿಗೆಗೆ ಕೋಣೆ ಕೊಟ್ಟು ಸಂಸಾರ ತೂಗಿಸುತ್ತಿದ್ದರು. ಇಡೀ ಮನೆಗೆ ಒಂದೇ ಸ್ನಾನದ ಕೋಣೆ, ಬಿಸಿನೀರು ಅಪರೂಪ. ಕಾಫಿ, ಸಕ್ಕರೆಗೆ ಪಡಿತರ ಚೀಟಿ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲದೆ, ಸಿರಿವಂತರ ಮನೆಯಿಂದ ಬಂದ ಈ ಹುಡುಗಿ ಉಣ್ಣೆ ಬಟ್ಟೆ ಸುತ್ತಿಕೊಂಡು ಹಾಸಿಗೆಯಲ್ಲೇ ಕುಳಿತು ಓದುತ್ತಿದ್ದಳು.

ಆದರೂ ತನ್ನ ಬದುಕಿನಲ್ಲಿ ಅತಿ ಹೆಚ್ಚು ಇಷ್ಟಪಟ್ಟ ವರ್ಷ ಅದೇ ಎಂದು ಒಂದೆರಡು ವರ್ಷಗಳ ನಂತರ ಆಕೆ ಬರೆದಳು. ತಿಳಿದುಕೊಳ್ಳಬೇಕೆಂಬ ಹಸಿವನ್ನು ಅದುವರೆಗೆ ಮುಚ್ಚಿಡುತ್ತಿದ್ದವಳಿಗೆ, ಅದಕ್ಕೆ ನಾಚಬೇಕಿಲ್ಲ ಎಂಬುದು ಅಲ್ಲಿ ತಿಳಿಯಿತಂತೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಪತ್ನಿಯಾಗಿ ಪ್ಯಾರಿಸ್ಸಿಗೆ ಬಂದಾಗ, ಆಕೆ ಅಧ್ಯಕ್ಷ ದ ಗಾಲ್ ಜೊತೆ ಫ್ರೆಂಚಿನಲ್ಲೇ ಮಾತಾಡಿದಳು. ತಾನು ಜಾಕ್ವೆಲಿನ್ ಜೊತೆಗೆ ಬಂದ ಮನುಷ್ಯ ಎಂದು ಕೆನಡಿ ಪತ್ರಕರ್ತರ ಮುಂದೆ ತಮಾಷೆ ಮಾಡಿದ್ದು ಆ ಭೇಟಿಯಲ್ಲೇ.

ಹೇಳಲಾಗದ ದುಃಖ

ಎಲ್ಲರ ವರ್ಷವೂ ಹೀಗೆ ನೆನೆದು ಹಿಗ್ಗುವಂಥದಲ್ಲ. 1963ರಲ್ಲಿ ಇಂಥದೇ ಇನ್ನೊಂದು ಯೋಜನೆಯಡಿ ಬಂದವಳು ಏಂಜೆಲಾ ಡೇವಿಸ್, ಮುಂದೆ ಅಮೆರಿಕದ ಕಪ್ಪು ಜನರ ಹೋರಾಟದ ದೊಡ್ಡ ಹೆಸರು. ಪ್ಯಾರಿಸ್ಸಿಗೆ ಹೋಗುವ ಮುನ್ನ ವಿದ್ಯಾರ್ಥಿಗಳ ತಂಡ ಸಮುದ್ರ ತೀರದ ಬಿಯಾರಿಟ್ಸ್ ಪಟ್ಟಣದಲ್ಲಿ ಭಾಷೆಯ ತಯಾರಿ ನಡೆಸಿತ್ತು. ಸೆಪ್ಟೆಂಬರ್ 15ರಂದು ಅತ್ತ ಆಕೆಯ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿಯ ಜನಾಂಗವಾದಿಗಳು ಚರ್ಚೊಂದಕ್ಕೆ ಬಾಂಬಿಟ್ಟರು. ನಾಲ್ವರು ಕಪ್ಪು ಬಾಲಕಿಯರು ಸತ್ತರು. ಆ ಸುದ್ದಿ ಏಂಜೆಲಾಗೆ ಸಿಕ್ಕಿದ್ದು ಬೀದಿಯಲ್ಲಿ ನಿಂತು ಓದಿದ ಪತ್ರಿಕೆಯಿಂದ. ಸತ್ತವರಲ್ಲಿ ಆಕೆಯ ಕುಟುಂಬಕ್ಕೆ ಪರಿಚಯದವರಿದ್ದರು. ಜೊತೆಗಿದ್ದ ಅಮೆರಿಕನ್ ಸಹಪಾಠಿಗಳು ಅನುಕಂಪ ತೋರಿಸಿದರೂ, ಅದು ಯಾವನೋ ಹುಚ್ಚನ ಕೃತ್ಯವಲ್ಲ, ತಾನು ಹುಟ್ಟಿ ಬೆಳೆದ ವ್ಯವಸ್ಥೆಯದೇ ಫಲ ಎಂಬುದು ಅವರಿಗೆ ತಲುಪಲಿಲ್ಲ ಎಂದು ಆಕೆ ಆಮೇಲೆ ಆತ್ಮಕಥೆಯಲ್ಲಿ ಬರೆದುಕೊಂಡರು. ಅವರೆಲ್ಲ ಆಕೆಯದೇ ಭಾಷೆ ಆಡುವವರು. ದೂರದ ಊರಿನಲ್ಲಿ ಭಾಷೆ ಬಾರದ್ದು ಒಂದು ಕಷ್ಟವಾದರೆ, ಭಾಷೆ ಬರುವವರ ನಡುವೆಯೂ ಮಾತು ಮುಟ್ಟದಿರುವುದು ಇನ್ನೊಂದು.

ಆ ಕಾಲದಲ್ಲಿ ಮನೆಯಿಂದ ಕಾಗದ ಬರಲು ದಿನಗಟ್ಟಲೆ ಬೇಕಿತ್ತು. ಈಗ ಬಿಯಾರಿಟ್ಸ್‌ನಲ್ಲಿ ಕುಳಿತವರು ಪ್ರತಿ ರಾತ್ರಿ ಅಮ್ಮನ ಮುಖವನ್ನೇ ಮೊಬೈಲಿನಲ್ಲಿ ನೋಡಬಹುದು. ದುಃಖದ ಹೊತ್ತಿನಲ್ಲಿ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಆದರೆ ಕರ್ಕ್‌ಬ್ರೈಡ್ ಮುಚ್ಚಿದ ದಾರಿಗಳೆಲ್ಲ ಅದರಿಂದಲೇ ಮತ್ತೆ ತೆರೆದುಕೊಂಡವು. ದೇಹ ಫ್ರಾನ್ಸಿನಲ್ಲಿ, ಕಿವಿ ಅಮೆರಿಕದಲ್ಲಿ! ಅವಧಿಯೂ ಕುಗ್ಗಿದೆ. ಇತ್ತೀಚಿನ ವರ್ಷಗಳ ಲೆಕ್ಕದಂತೆ, ಓದಲೆಂದು ಹೊರದೇಶಗಳಿಗೆ ಹೋಗಿಬರುವ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಇಡೀ ವರ್ಷ ನಿಲ್ಲುವವರು ನೂರಕ್ಕೆ ಮೂವರೂ ಇಲ್ಲ. ಉಳಿದವರದು ಒಂದು ಸೆಮಿಸ್ಟರ್, ಇಲ್ಲವೇ ಬೇಸಿಗೆಯ ಕೆಲವು ವಾರಗಳು. ಮೌನದ ಮೂರು ತಿಂಗಳು ಮುಗಿದು ಬಾಯಿ ಬಿಡುವ ಹೊತ್ತಿಗೆ ವಾಪಸು ವಿಮಾನ ಹತ್ತುವ ಸಮಯ ಬಂದಿರುತ್ತದೆ.

ಉಳಿದುಕೊಂಡವರಿಗೆ ಈಗ ಇನ್ನೊಂದು ತೊಡಕು. ಕಷ್ಟಪಟ್ಟು ಕಟ್ಟಿದ ಫ್ರೆಂಚ್ ವಾಕ್ಯಕ್ಕೆ ಪ್ಯಾರಿಸ್ಸಿನ ಹೋಟೆಲ್ ಮಾಣಿ ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅವನಿಗೆ ಹೊತ್ತು ಉಳಿಯಬೇಕು, ಮುಂದಿನ ಗಿರಾಕಿ ಕಾಯುತ್ತಿದ್ದಾನೆ. ಹಟ ಬಿಡದ ಕೆಲವು ವಿದ್ಯಾರ್ಥಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ತಾವು ಇಂಗ್ಲಿಷ್ ಬಾರದ ಯಾವುದೋ ದೇಶದವರೆಂದು ಹೇಳಿ, ಫ್ರೆಂಚಿನಲ್ಲೇ ಇನ್ನೊಂದು ಕಾಫಿ ಕೇಳುತ್ತಾರೆ.