ನವರಂಗವನ್ನು ಗುರುತಿಸುವ ಬಗೆ

ಒಂಬತ್ತು ಬಣ್ಣ ಹೊತ್ತ ಹಕ್ಕಿಯನ್ನು ಕಾಣುವುದೇನು ಕಷ್ಟ ಎಂದು ನೀವು ಕೇಳಬಹುದು. ನವರಂಗದ ಮಟ್ಟಿಗೆ ಮಾತ್ರ ಕಣ್ಣಿಗಿಂತ ಕಿವಿಯೇ ಮುಂದು. ರೇಡಿಯೋ ಕೇಳಿ ಪಳಗಿದ ಕಿವಿಗೆ ಇದು ತಕ್ಕ ಕೆಲಸವೇ ಸರಿ.

ಸಾದಲಿಯ ಸುತ್ತಮುತ್ತ ತೆಲುಗು ಬಲ್ಲವರು ಬಹು ಮಂದಿ. 'ಪಿಟ್ಟ' ಎಂದರೆ ಚಿಕ್ಕ ಹಕ್ಕಿಯೆಂದು ಅವರಿಗೆ ಹೇಳಬೇಕಾಗಿಲ್ಲ. ಆ ಮಾತೇ ಶಾಸ್ತ್ರಗ್ರಂಥಗಳನ್ನು ಸೇರಿ, ನವರಂಗಕ್ಕೆ 'ಪಿಟ್ಟ ಬ್ರಾಕಿಯೂರ' ಎಂಬ ಹೆಸರಾಗಿದೆ. ಎರಡನೆಯ ಪದಕ್ಕೆ ಮೋಟುಬಾಲದ್ದು ಎಂದರ್ಥ.

ಮಳೆಗಾಲದಲ್ಲಿ ಮಧ್ಯಭಾರತದಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಗೂಡು ಕಟ್ಟುವ ಈ ಹಕ್ಕಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಇಳಿಯುತ್ತದೆ. ಹೋಗುವಾಗ, ಬರುವಾಗ ನಮ್ಮ ನಂದಿಬೆಟ್ಟದ ಕಾಡಿನಲ್ಲಿ ತಂಗುವುದುಂಟು.

ಮೊದಲು ಕೂಗನ್ನು ಹಿಡಿಯಿರಿ. ಸ್ಪಷ್ಟವಾದ ಎರಡು ಸ್ವರದ ಸಿಳ್ಳು. ಬೆಳಗಿನ ಜಾವ ಮತ್ತು ಸಂಜೆ ಹೆಚ್ಚು. ತಮಿಳರು ಇದನ್ನು 'ಆರು ಗಂಟೆಯ ಹಕ್ಕಿ' ಎಂದು ಕರೆದಿರುವುದು ಅದಕ್ಕಾಗಿಯೇ. ಸಿಳ್ಳು ಬಂದ ಕಡೆ ಕೊಂಬೆಗಳನ್ನಲ್ಲ, ನೆಲವನ್ನು ನೋಡಿ. ಪೊದೆಯ ನೆರಳಿನಲ್ಲಿ ಕುಪ್ಪಳಿಸುತ್ತ, ತರಗೆಲೆ ಸರಿಸಿ ಹುಳು ಹೆಕ್ಕುತ್ತಿರುತ್ತದೆ. ಗಾತ್ರ ಪಿಕಳಾರಕ್ಕಿಂತ ತುಸು ದೊಡ್ಡದು, ಸುಮಾರು 19 ಸೆಂಟಿಮೀಟರು. ಬೆನ್ನು ಹಸಿರು, ಹೊಟ್ಟೆ ತಿಳಿಗಂದು, ಬಾಲದಡಿ ಕಡುಗೆಂಪು, ಕಣ್ಣಿನ ಮೇಲೆ ಹಾದ ಅಗಲವಾದ ಕರಿಪಟ್ಟಿ, ಕೊರಳು ಬಿಳಿ, ರೆಕ್ಕೆಯಲ್ಲಿ ಹೊಳೆವ ನೀಲಿ. ಹಾರಿದಾಗ ರೆಕ್ಕೆಯ ಬಿಳಿ ಮಚ್ಚೆ ಮಿಂಚುತ್ತದೆ. ನೀಲಿ ಕಂಡೊಡನೆ ಮಿಂಚುಳ್ಳಿಯೆಂದು ತಿಳಿಯಬೇಡಿ. ಮಿಂಚುಳ್ಳಿ ತಂತಿಯ ಮೇಲೆ, ಬೋಳುಕೊಂಬೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂರುವುದು, ಅದರ ಕೊಕ್ಕೂ ನೀಳ.

ಇದನ್ನು ಗುರುತಿಸಬಲ್ಲುದರಿಂದ ಹಕ್ಕಿಗೂ ಉಪಕಾರವಿದೆ. ರಾತ್ರಿ ವಲಸೆ ಹೋಗುವ ನವರಂಗ ದಣಿದು, ಒಮ್ಮೊಮ್ಮೆ ಮನೆಯಂಗಳಕ್ಕೂ ಪಡಸಾಲೆಗೂ ಬಂದು ಬೀಳುತ್ತದೆ. ಬಣ್ಣಕ್ಕೆ ಮರುಳಾಗಿ, ಯಾರೋ ಸಾಕಿದ ಹಕ್ಕಿ ತಪ್ಪಿಸಿಕೊಂಡು ಬಂದಿದೆಯೆಂದು ಪಂಜರಕ್ಕೆ ಹಾಕಿದರೆ ಅದರ ಪಯಣ ಅಲ್ಲಿಗೇ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೂ ಅದು ವಿರುದ್ಧ. ಅನ್ನ, ಹಾಲು ತಿನ್ನಿಸಲು ಹೋಗಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಮಕ್ಕಳೂ ಬೆಕ್ಕೂ ಸುಳಿಯದ ಮಬ್ಬುಗತ್ತಲಿನಲ್ಲಿ ಇಟ್ಟು, ಚೇತರಿಸಿಕೊಂಡ ಮೇಲೆ ಸಂಜೆಯೋ ಮುಂಜಾನೆಯೋ ಮರಗಳ ಬಳಿ ಬಿಟ್ಟುಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಇನ್ನೊಂದು ಮಾತು. ತೋಪಿನ ತರಗೆಲೆಯನ್ನೆಲ್ಲ ಗುಡಿಸಿ ಸುಡಬೇಡಿ. ನಮಗದು ಕಸ, ನವರಂಗಕ್ಕೆ ಅದೇ ಬಡಿಸಿದ ಎಲೆ.