ದನಿಗೆ ಯಾವ ದೇಶ?

ನಮ್ಮ ಮನಗೂಳಿಯಲ್ಲಿ ಭಜನಾ ಮಂಡಳಿಗೋ ಶಾಲೆಗೋ ಧ್ವನಿವರ್ಧಕ ಕೊಳ್ಳುವ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ‘ಇದು ಚೈನಾ ಮಾಲ್ ಅಲ್ಲಲ್ರೀ?’ ದನಿ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಕೆಟ್ಟರೆ ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆಗಳೆಲ್ಲ ಅನಂತರದವು. ಮನೆಮನೆಯಿಂದ ಚಂದಾ ಎತ್ತಿ ಕೂಡಿಸಿದ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಡಬ್ಬಿಯ ಮೇಲಿನ ದೇಶದ ಹೆಸರೇ ತೀರ್ಮಾನಿಸಿಬಿಡುತ್ತದೆ.

ಹಿಂದೆ ಇದೇ ಊರಿನಲ್ಲಿ ‘ಫಾರಿನ್’ ಎಂಬ ಒಂದು ಪದವೇ ಗುಣಮಟ್ಟದ ಮುದ್ರೆಯಾಗಿತ್ತು. ದುಡಿಯಲು ಮುಂಬೈಗೆ ಹೋದವರು ತರುತ್ತಿದ್ದ ಜಪಾನಿನ ಟೂ-ಇನ್-ಒನ್‌ಗೆ ಕಸೂತಿಯ ಹೊದಿಕೆ, ಗೋಡೆಯ ಮಾಡದಲ್ಲಿ ಜಾಗ. ಜಾತ್ರೆಯ ಧೂಳು, ಏರಿಳಿಯುವ ವಿದ್ಯುತ್ತು, ಬೆಳಗಿನವರೆಗಿನ ಬಯಲಾಟ ಇವನ್ನೆಲ್ಲ ತಾಳಿಕೊಂಡದ್ದು ಮಾತ್ರ 1940ರಲ್ಲಿ ಆರಂಭವಾದ ನಮ್ಮದೇ ದೇಶದ ಅಹುಜಾ ಕಂಪನಿಯ ಆಂಪ್ಲಿಫೈಯರು ಮತ್ತು ಹಾರ್ನುಗಳು. ಅವನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಊರಿನ ಪಾಲಿಗೆ ಅದು ಬರೀ ‘ಮೈಕು’.

1963ರಲ್ಲಿ ಪಾಲಕ್ಕಾಡ್‌ನಲ್ಲಿ ಹುಟ್ಟಿ ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿದ ಬಿಪಿಎಲ್ ಹೆಸರಿನ ವಿಸ್ತಾರ ‘ಬ್ರಿಟಿಷ್ ಫಿಸಿಕಲ್ ಲ್ಯಾಬೊರೇಟರೀಸ್’. 1980ರ ದಶಕದಲ್ಲಿ ಅದರ ಪಕ್ಕಕ್ಕೆ ಜಪಾನಿನ ಸಾನ್ಯೊ ಹೆಸರು ಬಂತು. ತಾಂತ್ರಿಕ ಸಹಯೋಗದಿಂದ ಬಂದ ಹೆಸರುಗಳಿವು; ಗ್ರಾಹಕರ ಮನಸ್ಸಿನ ಮೇಲೆ ಅವು ಬೀರಿದ ಪ್ರಭಾವವೇ ಬೇರೆ. ಅತ್ತ ಜಾಲಹಳ್ಳಿಯ ಬಿಇಎಲ್ 1960ರ ದಶಕದಿಂದಲೇ ವಾಲ್ವು, ಟ್ರಾನ್ಸಿಸ್ಟರುಗಳನ್ನು ತಯಾರಿಸಿ ದೇಶದ ರೇಡಿಯೊ ಉದ್ಯಮಕ್ಕೆ ಒದಗಿಸುತ್ತಿತ್ತು. ರೇಡಿಯೊದ ಒಡಲೊಳಗಿನ ಆ ಬಿಡಿಭಾಗಗಳ ಊರನ್ನು ಕೇಳಿದವರು ವಿರಳ.

ದೇಶದ ಹೆಸರಿಗೆ ಅಂಟಿದ ಕೀರ್ತಿ, ಅಪಕೀರ್ತಿಗಳು ಶಾಶ್ವತವೂ ಅಲ್ಲ. ವಿದೇಶಿ ಸರಕು ಬ್ರಿಟಿಷ್ ಸರಕಿನ ವೇಷದಲ್ಲಿ ಬರಬಾರದೆಂದು 1887ರಲ್ಲಿ ಬ್ರಿಟನ್ ಕಾಯಿದೆ ತಂದಾಗ ಅದರ ಮುಖ್ಯ ಗುರಿ ಜರ್ಮನಿಯ ಅಗ್ಗದ ವಸ್ತುಗಳು. ಕಳಂಕವಾಗಬೇಕಿದ್ದ ‘ಮೇಡ್ ಇನ್ ಜರ್ಮನಿ’ ಕಾಲಕ್ರಮದಲ್ಲಿ ಬಿರುದಾಯಿತು. ಸೋನಿಯ ಸ್ಥಾಪಕರಲ್ಲೊಬ್ಬರಾದ ಅಕಿಯೊ ಮೋರಿಟಾ, ಆರಂಭದ ದಿನಗಳಲ್ಲಿ ತಮ್ಮ ಸರಕಿನ ಮೇಲೆ ದೇಶದ ಹೆಸರನ್ನು ಆದಷ್ಟು ಚಿಕ್ಕ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತಿದ್ದುದನ್ನು ಬರೆದುಕೊಂಡಿದ್ದಾರೆ. 1986ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರು ‘ಮೇಡ್ ಇನ್ ಜಪಾನ್’!

ಈ ಮನೋಧರ್ಮವನ್ನು ಸಂಶೋಧಕರು ಪರೀಕ್ಷಿಸಿಯೂ ನೋಡಿದ್ದಾರೆ. ರಾಬರ್ಟ್ ಸ್ಕೂಲರ್ ಗ್ವಾಟೆಮಾಲಾದ ವಿದ್ಯಾರ್ಥಿಗಳ ಮುಂದೆ ಒಂದೇ ಬಗೆಯ ವಸ್ತುಗಳನ್ನಿಟ್ಟು, ಚೀಟಿಯಲ್ಲಿನ ದೇಶವನ್ನಷ್ಟೇ ಬದಲಿಸಿ ಅಭಿಪ್ರಾಯ ಕೇಳಿದರು. ಚೀಟಿ ಬದಲಾದಂತೆ ಮೆಚ್ಚುಗೆಯೂ ಬದಲಾಯಿತೆಂದು 1965ರ ಅವರ ಲೇಖನ ಹೇಳುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಸ್ಪೀಕರುಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಕಣ್ಣೆದುರಿಟ್ಟು ಕೇಳಿಸಿದಾಗ ಬಂದ ಅಂಕಗಳೇ ಬೇರೆ, ಪರದೆಯ ಹಿಂದಿಟ್ಟು ಕೇಳಿಸಿದಾಗ ಬಂದ ಅಂಕಗಳೇ ಬೇರೆ. ನುರಿತ ಕೇಳುಗರೂ ಇದಕ್ಕೆ ಹೊರತಾಗಿರಲಿಲ್ಲ.

ಅಷ್ಟಕ್ಕೂ ಇಂದು ಒಂದು ಯಂತ್ರಕ್ಕೆ ಒಂದೇ ದೇಶವೆಲ್ಲಿದೆ? ಅಮೆರಿಕದ್ದೆಂದು ಹೆಮ್ಮೆಯಿಂದ ಕೊಳ್ಳುವ ಜೆಬಿಎಲ್‌ನ ಒಡೆತನ ಹೊಂದಿದ ಹರ್ಮನ್ ಕಂಪನಿ 2017ರಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಪಾಲಾಯಿತು. ಗಾಯಕರ ನೆಚ್ಚಿನ ಶೂರ್ ಎಸ್‌ಎಂ58 ಮೈಕಿನ ವಿನ್ಯಾಸ ಅಮೆರಿಕದ್ದು. ತಯಾರಿಕೆ ಮೆಕ್ಸಿಕೊಕ್ಕೆ ಹೋಗಿ ವರ್ಷಗಳೇ ಸಂದಿವೆ.

ಹಾಗೆಂದು ಜನರ ಅನುಮಾನಕ್ಕೆ ಬುಡವೇ ಇಲ್ಲವೆನ್ನಲಾಗದು. ಅಂಗೈಯಗಲದ ಸ್ಪೀಕರಿನ ಮೇಲೆ ಸಾವಿರಾರು ವ್ಯಾಟ್ ‘ಪಿಎಂಪಿಒ’ ಎಂದು ಬರೆದು ಮಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಅಂಕಿಗೆ ಒಪ್ಪಿತವಾದ ಅಳತೆಗೋಲೇ ಇಲ್ಲ. ಸತತವಾಗಿ ಹೊರಡುವ ಶಕ್ತಿಯನ್ನು ಹೇಳುವುದು ‘ಆರ್‌ಎಂಎಸ್’ ಅಂಕಿ. ಅಲ್ಲಿರುವ ದೋಷ ಅಪ್ರಾಮಾಣಿಕತೆಯದು. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದಲ್ಲಿ ಸರಕಿನ ಮೂಲ ದೇಶವನ್ನು ತಿಳಿಸಬೇಕು. ಗ್ರಾಹಕನಿಗೆ ತಿಳಿದಿರಬೇಕಾದ ಸಂಗತಿಯೇ ಅದು. ಆದರೆ ಬಿಡಿಭಾಗ ಸಿಗುತ್ತದೆಯೇ, ಬಿಚ್ಚಿ ದುರಸ್ತಿ ಮಾಡಲು ಬರುತ್ತದೆಯೇ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಹಳೆಯ ಆಂಪ್ಲಿಫೈಯರಿನ ನಾಲ್ಕು ತಿರುಪು ಬಿಚ್ಚಿ, ಸುಟ್ಟ ಭಾಗ ಕಿತ್ತು, ಹೊಸದನ್ನು ಬೆಸೆದು ಸಂಜೆಯ ಕಾರ್ಯಕ್ರಮಕ್ಕೆ ಸಿದ್ಧಮಾಡಿ ಕೊಡುತ್ತಿದ್ದ ರಿಪೇರಿಯವರು ನಮ್ಮಂಥ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಅಂಟು ಹಾಕಿ ಮುಚ್ಚಿದ ಪೆಟ್ಟಿಗೆ ಯಾವ ದೇಶದ್ದಾದರೂ ಅವರ ಕೈಗೆ ಒಗ್ಗುವುದಿಲ್ಲ. ಅದನ್ನು ಹೊತ್ತು ವಿಜಯಪುರಕ್ಕೆ ಅಲೆಯಬೇಕು, ಇಲ್ಲವೇ ಮತ್ತೆ ಚಂದಾ ಎತ್ತಬೇಕು.

ಆದ್ದರಿಂದ ಧ್ವನಿವರ್ಧಕ ಕೊಳ್ಳಹೊರಟವರಿಗೆ ನನ್ನದೊಂದು ಸಲಹೆ. ಎರಡು ಸೆಟ್ ತರಿಸಿ. ಮುಂದೊಂದು ತೆಳು ಸೀರೆಯ ಮರೆ ಕಟ್ಟಿ. ತುಸು ಗಟ್ಟಿಯಾಗಿ ಕೇಳಿದ್ದನ್ನೇ ಚೆನ್ನಾಗಿದೆಯೆನ್ನುವುದು ಕಿವಿಯ ಸ್ವಭಾವ. ಹಾಗಾಗಿ ಎರಡರ ಶಬ್ದವನ್ನೂ ಸಮನಾಗಿಸಿ, ಒಂದೇ ಭಜನೆಯನ್ನು ಕೇಳಿಸಿ. ತೀರ್ಪನ್ನು ಓಣಿಯ ಹಿರಿಯ ಭಜನಿಕರಿಗೆ ಬಿಡಿ. ಅನಂತರ ಮಾರುವವರನ್ನು ದುರಸ್ತಿಯ ಬಗ್ಗೆ ಕೇಳಿ. ದೇಶದ ಹೆಸರನ್ನು ಕೊನೆಗೆ ಓದಿದರಾಯಿತು.