ಆಲೆಮನೆಯ ಕಬ್ಬಿನ ಹಾಲು ಮತ್ತು ಯೀಸ್ಟಿನ ಮಿಗ್–1 ಪ್ರೋಟೀನು

ಸೋಮನಾಥಪುರವೆಂದೊಡನೆ ವಿದ್ವಾಂಸರ ದೃಷ್ಟಿ ಕೇಶವ ದೇವಾಲಯದ ಕಡೆಗೆ ಹರಿಯುವುದು ಸಹಜ. ಆದರೆ ಆ ಗುಡಿಯಿರುವ ತಿ. ನರಸೀಪುರ ತಾಲ್ಲೂಕೂ ನೆರೆಯ ನಂಜನಗೂಡೂ ಕಾವೇರಿ–ಕಪಿಲೆಯರ ನೀರುಂಡು ಕಬ್ಬು ಬೆಳೆಯುವ ನೆಲವೂ ಹೌದು. ಮೈಸೂರು–ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಒಂದು ಕಟ್ಟುನಿಟ್ಟು ರೂಢಿಯಲ್ಲಿದೆ: ಗಾಣದಿಂದ ಇಳಿದ ಕಬ್ಬಿನ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಹಾಕಬೇಕು. ತಡವಾದರೆ ಹಾಲು ಹುಳಿಯುತ್ತದೆ. ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ ಜಿನುಗುತ್ತದೆ. ರೈತನ ದುಡಿಮೆ ನೀರುಪಾಲಾಗುತ್ತದೆ. ಇದನ್ನು ಬರಿಯ ರೂಢಿಯೆಂದು ದಾಖಲಿಸಿ ಮುಂದೆ ಸಾಗುವುದು ಜಾನಪದ ಅಧ್ಯಯನಕ್ಕೆ ಸಾಲದು.

ಆಗತಾನೆ ಹಿಂಡಿದ ಹಾಲಿನಲ್ಲಿರುವ ಸಕ್ಕರೆಯ ಬಹುಪಾಲು ಸುಕ್ರೋಸ್. ಹರಳುಗಟ್ಟಿ ಬೆಲ್ಲಕ್ಕೆ ಗಡಸುತನ ಕೊಡುವುದು ಇದೇ. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆದುಹೋದರೆ ಬೆಲ್ಲ ಮೆತ್ತಗಾಗುತ್ತದೆ. ಒಡೆಯುವವರಲ್ಲಿ ಬ್ಯಾಕ್ಟೀರಿಯಾಗಳ ಪಾಲೂ ಇದೆ. ಯೀಸ್ಟಿನ ಪಾಲು ಇನ್ವರ್ಟೇಸ್ ಎಂಬ ಕಿಣ್ವದ ಮೂಲಕ ನಡೆಯುತ್ತದೆ.

ಯೀಸ್ಟ್ ಈ ಕಿಣ್ವವನ್ನು ಸದಾ ಒಂದೇ ಪ್ರಮಾಣದಲ್ಲಿ ತಯಾರಿಸುವುದಿಲ್ಲ. ಗ್ಲೂಕೋಸ್ ಯಥೇಚ್ಛವಾಗಿದ್ದಾಗ ಸುಕ್ರೋಸನ್ನು ಒಡೆಯುವ ಶ್ರಮ ಅದಕ್ಕೆ ಬೇಡ. ಆಗ ಮಿಗ್–1 ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ನೆಲೆಸಿ, ತನ್ನ ಎರಡು ಸತುವಿನ ಬೆರಳುಗಳಿಂದ ಇನ್ವರ್ಟೇಸಿನ ವಂಶವಾಹಿಯಾದ ಎಸ್‌ಯುಸಿ–2ರ ಮುಂಭಾಗವನ್ನು ಹಿಡಿದು, ಟಪ್–1 ಮೊದಲಾದ ಸಹಾಯಕ ಪ್ರೋಟೀನುಗಳ ನೆರವಿನಿಂದ ಅದನ್ನು ಅದುಮಿಡುತ್ತದೆ. ಗ್ಲೂಕೋಸ್ ವಿರಳವಾದಾಗ ಸ್ನಫ್–1 ಎಂಬ ಕಿಣ್ವ ಚುರುಕಾಗಿ ಮಿಗ್–1ಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಕೋಶಕೇಂದ್ರವನ್ನು ಬಿಟ್ಟು ಹೊರಬರುತ್ತದೆ. ವಂಶವಾಹಿ ಕೆಲಸಕ್ಕೆ ತೊಡಗುತ್ತದೆ. ಸ್ನಫ್ ಎಂಬ ಹೆಸರೇ ಸುಕ್ರೋಸನ್ನು ಹುದುಗಿಸಲಾರದ ಯೀಸ್ಟ್ ತಳಿಗಳಿಂದ ಬಂದುದು. ಮೇರಿಯನ್ ಕಾರ್ಲ್ಸನ್ ಮತ್ತು ಸಂಗಡಿಗರು 1981ರಲ್ಲಿ ಅಂತಹ ತಳಿಗಳನ್ನು ವಿವರಿಸಿದರು. ಮಿಗ್–1 ಬೆಳಕಿಗೆ ಬಂದದ್ದು 1990ರಲ್ಲಿ. ಮನುಷ್ಯನ ಜೀವಕೋಶಗಳಲ್ಲಿಯೂ ಶಕ್ತಿಯ ಕೊರತೆಯನ್ನು ಗ್ರಹಿಸುವ ಸ್ನಫ್–1ರ ಬಂಧುವೊಂದಿರುವುದು ಗಮನಾರ್ಹ.

ಆಹಾರಕ್ಕೆ ತಕ್ಕಂತೆ ವಂಶವಾಹಿಗಳನ್ನು ನಿಯಂತ್ರಿಸುವ ಯೀಸ್ಟ್ ಪ್ರೋಟೀನುಗಳ ಶೋಧ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಎನ್. ರಂಗರಾಜನ್ ಅವರ ತಂಡ, ಮೆಥನಾಲನ್ನೂ ಆಹಾರವಾಗಿಸಿಕೊಳ್ಳಬಲ್ಲ ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟನ್ನು ಅಭ್ಯಸಿಸಿ 2012ರಲ್ಲಿ ಕುತೂಹಲಕರ ಸಂಗತಿಯೊಂದನ್ನು ಪ್ರಕಟಿಸಿತು. ಎಂಎಕ್ಸ್‌ಆರ್–1 ಮತ್ತು ಆರ್‌ಒಪಿ ಎಂಬೆರಡು ಪ್ರೋಟೀನುಗಳು ಡಿಎನ್‌ಎಯ ಒಂದೇ ತಾಣಕ್ಕಾಗಿ ಪೈಪೋಟಿ ನಡೆಸುತ್ತವೆ. ಮೊದಲನೆಯದು ಮೆಥನಾಲ್ ಬಳಕೆಯ ವಂಶವಾಹಿಯನ್ನು ಎಚ್ಚರಿಸಿದರೆ, ಪೋಷಕಾಂಶ ಸಮೃದ್ಧವಾದ ಮಾಧ್ಯಮದಲ್ಲಿ ಎರಡನೆಯದು ಅದನ್ನು ತಡೆಯುತ್ತದೆ.

ಇನ್ನು ಆಲೆಮನೆಯ ಪ್ರಶ್ನೆ. ಸುಕ್ರೋಸ್ ಒಡೆದಂತೆಲ್ಲ ಗ್ಲೂಕೋಸ್ ಹೆಚ್ಚಿ, ಮಿಗ್–1 ಮರಳಿ ಕೋಶಕೇಂದ್ರವನ್ನು ಸೇರಬೇಕಷ್ಟೆ. ಹಾಗಿದ್ದರೆ ಹಾಲು ಕೆಡುವುದು ತಾನಾಗಿಯೇ ಏಕೆ ನಿಲ್ಲದು? ಇನ್ವರ್ಟೇಸಿನ ಹೆಚ್ಚಿನ ಭಾಗವನ್ನು ಯೀಸ್ಟ್ ಕೋಶಪೊರೆಯಾಚೆಗೆ ಸ್ರವಿಸುತ್ತದೆ. ಹೊಸ ಕಿಣ್ವದ ತಯಾರಿ ನಿಂತರೂ ಹೊರಹೋದ ಕಿಣ್ವ ಒಡೆಯುತ್ತಲೇ ಇರುತ್ತದೆ. ಕೊಪ್ಪರಿಗೆಯ ಕುದಿ ಯೀಸ್ಟನ್ನೂ ಕಿಣ್ವವನ್ನೂ ಒಟ್ಟಿಗೆ ನಾಶಮಾಡುತ್ತದೆ. ಅಷ್ಟರೊಳಗೆ ಒಡೆದುಹೋದ ಸಕ್ಕರೆಯನ್ನು ಮಾತ್ರ ಯಾವ ಬೆಂಕಿಯೂ ಮತ್ತೆ ಕೂಡಿಸದು.